ಗೋಡೆ ಬಿರುಕಿಗೆ ಮರ ಕಡಿಸುವ ಮುಂಚೆ: ದಾವಣಗೆರೆ, ಚಿತ್ರದುರ್ಗದ ಮನೆಗಳ ಪಾಯ ಕಾಯುವ ಕ್ರಮ

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರತೊಡಗುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಒಂದು ಬಿರುಕು, ಅಳತೆ ತಿಳಿಯಲಿ ಅಂತ ಪಕ್ಕದಲ್ಲಿ ಹಿಡಿದ ಒಂದು ರೂಪಾಯಿ ನಾಣ್ಯ, ಹಿನ್ನೆಲೆಯಲ್ಲಿ ಒಂದು ಹೊಂಗೆಯೋ ಬಾದಾಮಿಯೋ. ಕೆಳಗೆ ಪ್ರಶ್ನೆ: “ಬೇರು ಪಾಯಕ್ಕೆ ಹೋಗಿದೆ ಅಂತಾರೆ, ಮರ ಕಡಿಸಿಬಿಡಲಾ?”

ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಒಂದೇ ಕಡೆ ಪೂರ್ತಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಸರಿಯಾಗಿ ಕಟ್ಟಿದ ಪಾಯವನ್ನು ಬೇರು ನೇರವಾಗಿ ಸೀಳುವುದು ಅಪರೂಪ. ಬೇರಿನ ತುದಿ ಮೆತ್ತಗಿರುತ್ತದೆ, ಗಟ್ಟಿ ವಸ್ತು ತಾಗಿದರೆ ಪಕ್ಕಕ್ಕೆ ತಿರುಗುತ್ತದೆ. ಅದು ಮಾಡುವ ದೊಡ್ಡ ಕೆಲಸ ನೀರು ಕುಡಿಯುವುದು. ಆ ನೀರು ಎಂಥ ಮಣ್ಣಿನಿಂದ ಹೋಯಿತು ಎಂಬುದರ ಮೇಲೆ ನಿಮ್ಮ ಗೋಡೆಯ ಗತಿ ನಿಂತಿದೆ. ದಾವಣಗೆರೆಯ ಕರಿ ಎರೆಯಲ್ಲಿರುವ ಮನೆಗೆ ಹೇಳುವ ಔಷಧಿ ಚಿತ್ರದುರ್ಗದ ಗುಡ್ಡದ ಕೆಂಪು ಮಣ್ಣಿನ ಮನೆಗೆ ಆಗುವುದಿಲ್ಲ. ಎರಡೂ ಊರುಗಳ ನಡುವೆ ಅರವತ್ತು ಕಿಲೋಮೀಟರ್ ಚಿಲ್ಲರೆ ದೂರ ಇರಬಹುದು, ಪಾಯದ ವಿಷಯದಲ್ಲಿ ಅವು ಬೇರೆ ದೇಶಗಳೇ.

ಕೈಗೆ ಬೇಕಾದ ಸಾಮಾನು

ಹಾರೆ, ಗುದ್ದಲಿ, ಸಲಿಕೆ, ಅಳತೆ ಟೇಪು, ಮಿಲಿಮೀಟರ್ ಗೆರೆಯಿರುವ ಸ್ಟೀಲ್ ಸ್ಕೇಲು, ಪೆನ್ಸಿಲ್, ಒಂದು ನೋಟ್‌ಬುಕ್, ಟಾರ್ಚು. ಗಾಜಿನ ಅಂಗಡಿಯಲ್ಲಿ ಉಳಿಕೆ ಗಾಜಿನ ನಾಲ್ಕೈದು ಪಟ್ಟಿ, ಸ್ವಲ್ಪ ಸಿಮೆಂಟು. 100 ಮಿಲಿಯ ಎರಡು ಅಳತೆ ಸಿಲಿಂಡರು. ಇವು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದ್ದೇ ಸಿಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ವರ್ಷದ ತಾಳ್ಮೆ. ಒಂದು ಬೇಸಿಗೆ, ಒಂದು ಮಳೆಗಾಲ ನೋಡದೆ ಬಿರುಕಿನ ಕಾರಣ ಖಚಿತವಾಗಿ ಹೇಳುವವರನ್ನು ನಂಬಬೇಡಿ, ಅವರು ಎಂಜಿನಿಯರ್ ಆಗಿದ್ದರೂ ಸರಿ.

ಹಂತ 1: ಮನೆ ಕೆಳಗೆ ಯಾವ ಮಣ್ಣಿದೆ ನೋಡಿ

ಮನೆಯಿಂದ ಆರೇಳು ಅಡಿ ದೂರದಲ್ಲಿ, ಭರ್ತಿ ಮಣ್ಣು ದಾಟಿ, ಮೂರು ಅಡಿ ಆಳದ ಒಂದು ಗುಂಡಿ ತೋಡಿ. ಮೇಲಿನ ಒಂದಡಿ ಮಣ್ಣನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಬಡಾವಣೆ ಮಾಡುವಾಗ ಹೊರಗಿಂದ ತಂದು ಸುರಿದ ಗ್ರಾವೆಲ್ ಅದು. ದಾವಣಗೆರೆಯ ಸುತ್ತ ಎಷ್ಟೋ ಹೊಸ ಬಡಾವಣೆಗಳು ಹಿಂದೆ ಭದ್ರಾ ನಾಲೆಯ ನೀರುಂಡ ಗದ್ದೆಗಳು. ಮೇಲೆ ಕೆಂಪಗೆ ಕಂಡರೂ ಕೆಳಗೆ ಕಪ್ಪು ಎರೆ ಕೂತಿರುತ್ತದೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಪುಸ್ತಕದ ಹಾಳೆಗಳ ಹಾಗೆ ತೆಳ್ಳಗಿನ ಪದರ, ಪದರದ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ನೀರು ಹೋದರೆ ಮುದುಡುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲದಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಗದ ಕೈ ಬಿರುಕಿಗೆ ಬಿದ್ದರೆ ಕೈ ಹಾಕಿದರೂ ಸಿಗುವುದಿಲ್ಲ. ಅದೇ ಮುದುಡುವಿಕೆ ನಿಮ್ಮ ಪಾಯದ ಅಡಿಯಲ್ಲೂ ನಡೆಯುತ್ತದೆ. ಮರವಿರುವ ಕಡೆ ಹೆಚ್ಚು, ಇಲ್ಲದ ಕಡೆ ಕಡಿಮೆ. ಮನೆಯೆಲ್ಲ ಒಂದೇ ಸಮನೆ ಕೂತರೆ ಗೋಡೆಗೆ ಅಷ್ಟು ತೊಂದರೆಯಿಲ್ಲ. ಒಂದು ಮೂಲೆ ಮಾತ್ರ ಕೂತಾಗ ಗೋಡೆ ಹರಿಯುತ್ತದೆ.

ಗುಂಡಿಯ ತಳದ ಮಣ್ಣನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕುಟ್ಟಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಎರಡು ಸಿಲಿಂಡರಿಗೂ ಹತ್ತತ್ತು ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ 100ರ ಗೆರೆಯವರೆಗೆ ತುಂಬಿ, ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, ಪೂರ್ತಿ ಒಂದು ದಿನ ಅಲುಗಿಸದೆ ಇಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 10 ಮಿಲಿ ಗೆರೆಗೆ ಕೂತ ಮಣ್ಣು ನೀರಿನಲ್ಲಿ 20ರ ಗೆರೆಗೆ ಬಂದರೆ ಉಬ್ಬು ಶೇಕಡಾ 100 ಅಂತ ಲೆಕ್ಕ. 50ಕ್ಕಿಂತ ಕಡಿಮೆ ಬಂದರೆ ಮಣ್ಣಿನ ಚಿಂತೆ ಅಷ್ಟಾಗಿ ಬೇಡ. 100 ದಾಟಿದರೆ ಮುಂದಿನ ಹಂತಗಳನ್ನು ಎರಡೆರಡು ಸಲ ಓದಿ. ಇದಕ್ಕೆ ಮುಕ್ತ ಉಬ್ಬು ಪರೀಕ್ಷೆ ಎನ್ನುತ್ತಾರೆ. ಸೀಮೆಎಣ್ಣೆ ಸಿಗದಿದ್ದರೆ ಪೇಂಟ್ ಅಂಗಡಿಯ ಟರ್ಪೆಂಟೈನ್ ಅಂದಾಜಿಗೆ ನಡೆದೀತು. ದಯವಿಟ್ಟು ಒಲೆಯ ಹತ್ತಿರ ಮಾಡಬೇಡಿ.

ಚಿತ್ರದುರ್ಗದ ಕಡೆಯವರಿಗೆ: ನಿಮ್ಮಲ್ಲಿ ಬಹುಪಾಲು ಕೆಂಪು ಮಣ್ಣು, ಕೆಳಗೆ ಬಂಡೆ. ಎರೆಯ ಉಬ್ಬು ಇರುವುದಿಲ್ಲ, ಆದರೆ ಬಂಡೆ ಹತ್ತಿರವಿರುವುದರಿಂದ ಬೇರಿಗೆ ಕೆಳಗಿಳಿಯಲು ಜಾಗವಿಲ್ಲ. ಅದು ಬಂಡೆಯ ಮೇಲೆ ಚಾಪೆಯ ಹಾಗೆ ಅಡ್ಡಡ್ಡ ಹರಡುತ್ತದೆ. ಕಾಂಪೌಂಡ್ ಗೋಡೆ ವಾಲುವುದು, ಅಂಗಳದ ಕಡಪ ಕಲ್ಲು ಮೇಲೇಳುವುದು, ಮೆಟ್ಟಿಲು ಸೀಳುವುದು ನಿಮ್ಮಲ್ಲೇ ಜಾಸ್ತಿ. ಮನೆಯ ಮುಖ್ಯ ಪಾಯಕ್ಕೆ ಭಯ ಕಡಿಮೆ. ಹಿರಿಯೂರು, ಚಳ್ಳಕೆರೆ ಕಡೆ ಅಲ್ಲಲ್ಲಿ ಎರೆಭೂಮಿಯೂ ಇದೆ. ಜಿಲ್ಲೆಯ ಹೆಸರು ನೋಡಿ ನಿರ್ಧರಿಸಬೇಡಿ, ಗುಂಡಿ ತೋಡಿ ನೋಡಿ.

ಹಂತ 2: ಬಿರುಕನ್ನು ಓದಿ, ಬರೆದಿಡಿ

ಗಿಲಾವು ಮೇಲೆ ಜೇಡರ ಬಲೆಯ ಹಾಗೆ ಕಾಣುವ ಕೂದಲೆಳೆ ಬಿರುಕು ಗಿಲಾವಿನ ತಪ್ಪು. ಸಿಮೆಂಟು ಹೆಚ್ಚಾಗಿರುತ್ತದೆ ಅಥವಾ ನೀರು ಉಣಿಸಿದ್ದು ಕಡಿಮೆಯಾಗಿರುತ್ತದೆ. ಸೂರಿನ ಕೆಳಗೆ ಅಡ್ಡಲಾಗಿ ಉದ್ದಕ್ಕೆ ಬರುವ ಬಿರುಕು ಸಾಮಾನ್ಯವಾಗಿ ಆರ್‌ಸಿಸಿ ಚಾವಣಿ ಬಿಸಿಲಿಗೆ ಹಿಗ್ಗಿದ್ದರಿಂದ. ಕಾಲಮ್ಮಿಗೂ ಇಟ್ಟಿಗೆಗೂ ನಡುವೆ ನೆಟ್ಟಗೆ ಇಳಿದ ಗೆರೆ ಎರಡು ಬೇರೆ ವಸ್ತು ಸೇರಿದ ಜಾಗ. ಈ ಮೂರಕ್ಕೂ ಪಾಪದ ಮರಕ್ಕೂ ಸಂಬಂಧವಿಲ್ಲ.

ಅನುಮಾನಿಸಬೇಕಾದದ್ದು ಇವನ್ನು: ಕಿಟಕಿ-ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು, ಮೇಲೆ ಅಗಲ, ಕೆಳಗೆ ಕಿರಿದಾದದ್ದು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವುದು. ಜೊತೆಗೆ ಬಾಗಿಲು ಚೌಕಟ್ಟಿಗೆ ತಾಗುತ್ತಿದ್ದರೆ, ನೆಲಹಾಸು ಮತ್ತು ಗೋಡೆಯ ನಡುವೆ ಸಂದು ಬಿಟ್ಟಿದ್ದರೆ ಪಾಯದ ಒಂದು ಭಾಗ ಕೂತಿರುವ ಸಾಧ್ಯತೆ ದೊಡ್ಡದು.

ಈಗ ಗಾಜಿನ ಕೆಲಸ. ಬೆರಳಗಲ, ಗೇಣುದ್ದದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿ. ಗಿಲಾವಿನ ಮೇಲಲ್ಲ, ಗಿಲಾವು ಕೆತ್ತಿ ಇಟ್ಟಿಗೆಯ ಮೇಲೆ. ದಿನಾಂಕ ಬರೆಯಿರಿ. ಬಿರುಕು ಜೀವಂತವಾಗಿದ್ದರೆ ಗಾಜು ಚಟ್ ಅಂತ ಒಡೆಯುತ್ತದೆ. ಗಾಜಿನ ಪಕ್ಕದಲ್ಲೇ ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಎರಡು ಚುಕ್ಕೆಯಿಟ್ಟು ನಡುವಿನ ದೂರ ಅಳೆದಿಡಿ. ತಿಂಗಳಿಗೊಮ್ಮೆ ಅದೇ ಎರಡು ಚುಕ್ಕೆ, ಅದೇ ಸ್ಕೇಲು.

ಓದುವ ಬಗೆ ಹೀಗೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲ ಮುಗಿಯುವಾಗ ಮುಚ್ಚಿಕೊಂಡರೆ ಮಣ್ಣು ಒಣಗಿ ಕುಗ್ಗುತ್ತಿದೆ, ಮರದ ಪಾತ್ರ ಇರಬಹುದು. ಮಳೆಗಾಲದಲ್ಲೇ ಅಗಲವಾದರೆ ಮಣ್ಣು ಉಬ್ಬುತ್ತಿದೆ ಅಥವಾ ನೆನೆದು ಮೆತ್ತಗಾಗುತ್ತಿದೆ. ಆಗ ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಮಳೆ-ಬಿಸಿಲು ಯಾವುದಕ್ಕೂ ಲೆಕ್ಕಿಸದೆ ಒಂದೇ ಸಮನೆ ಬೆಳೆಯುತ್ತಿದ್ದರೆ ಪೈಪು ಸೋರಿಕೆ ಅಥವಾ ಪಾಯವೇ ಸಾಲದು. ಬಿರುಕು 5 ಮಿಲಿಮೀಟರ್ ದಾಟಿದರೆ, ಅಂದರೆ ಪೆನ್ಸಿಲಿನ ತುದಿ ಸಲೀಸಾಗಿ ಹೊಕ್ಕರೆ, ಈ ಲೇಖನ ಪಕ್ಕಕ್ಕಿಟ್ಟು ಸ್ಟ್ರಕ್ಚರಲ್ ಎಂಜಿನಿಯರರನ್ನು, ಅಂದರೆ ಕಟ್ಟಡದ ಬಲವನ್ನು ಲೆಕ್ಕ ಹಾಕುವವರನ್ನು, ಕರೆಸಿ.

ಎಚ್ಚರಿಕೆ: ಹಬ್ಬ ಬಂತು, ನೆಂಟರು ಬರುತ್ತಾರೆ ಅಂತ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಯಬೇಡಿ. ಕಾಯಿಲೆ ಹಾಗೇ ಇರುತ್ತದೆ, ಅದನ್ನು ಗುರುತಿಸುವ ಲಕ್ಷಣ ಮಾತ್ರ ಮಾಯವಾಗುತ್ತದೆ.

ಹಂತ 3: ಚೇಂಬರ್ ಮುಚ್ಚಳ ಎತ್ತಿ

ಮರದ ಮೇಲೆ ಕೈಯಿಡುವ ಮೊದಲು ಇದನ್ನು ಮಾಡಲೇಬೇಕು. ಶೇಕಡಾವಾರು ಲೆಕ್ಕ ನನ್ನ ಬಳಿ ಇಲ್ಲ, ಆದರೆ “ಬೇರಿನ ಕಾಟ” ಅಂತ ಕರೆದ ಮನೆಗಳಲ್ಲಿ ಮೊದಲು ನಾನು ನೋಡುವುದು ಚೇಂಬರನ್ನೇ, ಅಂದರೆ ಮನೆಯ ಕೊಳೆನೀರಿನ ಪೈಪುಗಳು ಕೂಡುವ ಮುಚ್ಚಳದ ಗುಂಡಿಯನ್ನೇ. ಬಹಳ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಸೋರದ ಪೈಪಿನೊಳಗೆ ಬೇರು ತಾನಾಗಿ ಹೋಗುವುದಿಲ್ಲ. ಹಳೆ ಮನೆಗಳ ಪಿಂಗಾಣಿ ಪೈಪಿನ ಜೋಡಣೆಯಲ್ಲಿ ಸಿಮೆಂಟು ಉದುರಿ ಹನಿ ನೀರು ಜಿನುಗುತ್ತಿರುತ್ತದೆ. ಆ ತೇವಕ್ಕೆ ದಾರದಷ್ಟು ತೆಳುವಾದ ಬೇರು ಬರುತ್ತದೆ, ಒಳಹೊಕ್ಕ ಮೇಲೆ ಹಬ್ಬುತ್ತದೆ. ಒಮ್ಮೆ ಒಂದು ಚೇಂಬರಿನಿಂದ ನಾವು ಎಳೆದದ್ದು ನಾಲ್ಕಡಿ ಉದ್ದದ ಕಂದು ಜಡೆ. ಹೆಣೆದ ಹಾಗೆಯೇ ಇತ್ತು, ನಡುನಡುವೆ ಶಾಂಪೂ ಸ್ಯಾಷೆ ಸಿಕ್ಕಿಕೊಂಡಿದ್ದವು. ಹೊರಗೆ ಅಂಗಳದಲ್ಲಿದ್ದ ಮರ ಆ ಪೈಪಿನಿಂದ ಹದಿನೈದು ಅಡಿ ದೂರ.

ಬಚ್ಚಲಿನಲ್ಲೂ ಅಡುಗೆಮನೆಯಲ್ಲೂ ನೀರು ಹರಿಯಬಿಟ್ಟು, ಪ್ರತಿ ಚೇಂಬರಿಗೂ ಟಾರ್ಚು ಹಾಕಿ ನೋಡಿ. ನೀರು ನಿಂತಿದೆಯೇ, ಬದಿಯ ಗಿಲಾವು ಉದುರಿದೆಯೇ, ಪೈಪಿನ ಬಾಯಲ್ಲಿ ಕೂದಲಿನಂಥ ಬೇರು ಇದೆಯೇ? ಆಮೇಲೆ ಸಂಪು. ರಾತ್ರಿ ಸಂಪು ತುಂಬಿಸಿ, ಮೋಟರು ಹಾಕದೆ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ. ಒಂದು ಬೆರಳು ಇಳಿದಿದ್ದರೂ ಆ ನೀರು ನಿಮ್ಮ ಪಾಯದ ಪಕ್ಕದ ಮಣ್ಣಿಗೆ ಹೋಗಿದೆ. ಇಟ್ಟಿಗೆ ಸಂಪು, ಪಕ್ಕದಲ್ಲೇ ನುಗ್ಗೆಮರ, ಇಬ್ಬರ ಸ್ನೇಹ ಬಹಳ ಗಟ್ಟಿ.

ದುರಸ್ತಿ ಅಂದರೆ ಬೇರು ಕತ್ತರಿಸಿ ಎಸೆಯುವುದಲ್ಲ. ಆರು ತಿಂಗಳಲ್ಲಿ ಮತ್ತೆ ಬರುತ್ತದೆ. ಹಾಳಾದ ಉದ್ದವನ್ನು ಪೂರ್ತಿ ಬಿಚ್ಚಿ ಪಿವಿಸಿ ಪೈಪು ಹಾಕಿಸಿ. ಎರೆಮಣ್ಣಿನಲ್ಲಾದರೆ ಪೈಪಿನ ಕೆಳಗೂ ಮೇಲೂ ನಾಲ್ಕು ಇಂಚು ಮರಳು ಹಾಸಿ, ಮಣ್ಣು ಅಲುಗಿದಾಗ ಜೋಡಣೆ ಬಿಚ್ಚಿಕೊಳ್ಳದ ಹಾಗೆ. ಪ್ಲಂಬರು “ಮರಳು ಯಾಕೆ ಸಾರ್, ದಂಡ” ಅಂತಾನೆ. ಹಾಕಿಸಿ.

ಹಂತ 4: ಈಗ ಮರದ ಲೆಕ್ಕ

ನಾಲ್ಕು ವಿಷಯ ಬರೆದುಕೊಳ್ಳಿ: ಜಾತಿ, ಈಗಿನ ಎತ್ತರ, ಗೋಡೆಯಿಂದ ದೂರ, ಮನೆ ಮೊದಲೋ ಮರ ಮೊದಲೋ. ಕೊನೆಯದ್ದು ಯಾಕೆಂದು ಹಂತ 7ರಲ್ಲಿ ತಿಳಿಯುತ್ತದೆ.

ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಯ ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಎರೆಮಣ್ಣಿನಲ್ಲಿ ಒಂದು ಒರಟು ಲೆಕ್ಕ ಇಟ್ಟುಕೊಳ್ಳಿ: ಮರ ಬಲಿತಾಗ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ. ಕೆಂಪು ಮಣ್ಣಿನಲ್ಲಿ ಅದರ ಅರ್ಧ ಸಾಕು.

ಅರಳಿ, ಆಲ, ಅತ್ತಿ, ಗೋಣಿ, ಕುಂಡದಲ್ಲಿ ತಂದು ಅಂಗಳದಲ್ಲಿ ನೆಟ್ಟ ರಬ್ಬರ್ ಗಿಡ, ಬೆಂಜಮಿನಾ: ಇವೆಲ್ಲ ಒಂದೇ ಕುಲ. ಮನೆಯ ಹತ್ತಿರ ಬೇಡವೇ ಬೇಡ. ಮಳೆಮರ, ಗುಲ್‌ಮೊಹರ್, ನೀಲಗಿರಿ ಕೂಡ ದೂರವೇ ಇರಲಿ. ಗುಲ್‌ಮೊಹರಿನ ಬೇರು ಮೇಲ್ಮೈಯಲ್ಲೇ ಹಗ್ಗದಂತೆ ಹರಿಯುವುದನ್ನು ಯಾವ ಪಾರ್ಕಿನಲ್ಲಾದರೂ ನೋಡಬಹುದು. ಈಚೆಗೆ ಕಾಂಪೌಂಡಿಗೆ ಹಸಿರು ಗೋಡೆಯಂತೆ ಬೆಳೆಸುವ ಕೊನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಅದರ ಬೇರು ನೆಲದೊಳಗಿನ ಪೈಪು-ಕೇಬಲ್ಲುಗಳಿಗೆ ಹಾನಿ ಮಾಡುತ್ತದೆಂಬುದೂ ಕಾರಣಗಳಲ್ಲೊಂದು. ನರ್ಸರಿಯವರು ಬೇಗ ಬೆಳೆಯುತ್ತದೆ ಎಂದು ಹೊಗಳಿದರೆ ಅದನ್ನೇ ಎಚ್ಚರಿಕೆಯ ಗಂಟೆ ಅಂದುಕೊಳ್ಳಿ.

ಹೊಂಗೆ, ಬೇವು, ಮಾವು, ಬಾದಾಮಿ ಮಧ್ಯಮ. ಎರೆಯಲ್ಲಿ ಗೋಡೆಗೆ ಹತ್ತಡಿಯೊಳಗೆ ಇದ್ದರೆ ಗಮನ ಇಡಬೇಕು.

ತೆಂಗಿನ ಮೇಲೆ ಸುಮ್ಮನೆ ಅಪವಾದ. ಅದಕ್ಕೆ ತಾಯಿಬೇರಿಲ್ಲ, ಬೆರಳು ಗಾತ್ರದ ನೂರಾರು ಬೇರುಗಳು, ಅವು ಮರ ಎಷ್ಟೇ ಹಳತಾದರೂ ದಪ್ಪವಾಗುವುದಿಲ್ಲ. ಪಾಯ ಎತ್ತುವ ತಾಕತ್ತು ಅದಕ್ಕಿಲ್ಲ. ತೆಂಗಿನಿಂದ ಭಯವಿದ್ದರೆ ಮೇಲಿನಿಂದ ಬೀಳುವ ಕಾಯಿಯದ್ದು.

ಹಂತ 5: ಪಾಯದ ಸುತ್ತ ತೇವ ಏರುಪೇರಾಗದಂತೆ ನೋಡಿಕೊಳ್ಳಿ

ಖರ್ಚು ಕಡಿಮೆ, ಲಾಭ ಹೆಚ್ಚು ಇರುವುದು ಈ ಹಂತದಲ್ಲೇ, ಜನ ಬಿಟ್ಟುಬಿಡುವುದೂ ಇದನ್ನೇ. ಮನೆಯ ಸುತ್ತ ಕನಿಷ್ಠ ಮೂರಡಿ, ಎರೆಯಲ್ಲಿ ಸಾಧ್ಯವಾದರೆ ಐದಡಿ ಅಗಲ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಸು ಹಾಕಿಸಿ. ಇದನ್ನು ಪ್ಲಿಂತ್ ಪ್ರೊಟೆಕ್ಷನ್ ಎನ್ನುತ್ತಾರೆ, ನಮ್ಮ ಮೇಸ್ತ್ರಿಗಳ ಬಾಯಲ್ಲಿ ಏಪ್ರನ್. ಮೂರಡಿಗೆ ಒಂದು ಇಂಚು ಇಳಿಜಾರು ಸಾಕು. ಕೆಳಗೆ ಒಂದಡಿ ಎರೆ ತೆಗೆದು ಗ್ರಾವೆಲ್ ತುಂಬಿ ದಮ್ಮಸ್ಸು ಹೊಡೆಸಬೇಕು. ಹಾಸಿಗೂ ಗೋಡೆಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಟಾರು ತುಂಬಿ. ಮೇಸ್ತ್ರಿ ಅಲ್ಲಿ ಸಿಮೆಂಟು ತುಂಬಿದರೆ ಹಾಸು ಕೂತಾಗ ಗೋಡೆಯ ಗಿಲಾವನ್ನೂ ಎಳೆದುಕೊಂಡು ಹೋಗುತ್ತದೆ. ಎದುರು ನಿಂತು ನೋಡಿ.

ಚಾವಣಿಯ ನೀರು ಗೋಡೆ ಬುಡಕ್ಕೆ ಬೀಳಬಾರದು. ಪೈಪನ್ನು ಚರಂಡಿಗೋ ಇಂಗುಗುಂಡಿಗೋ ಒಯ್ಯಿರಿ. ಇಂಗುಗುಂಡಿಯನ್ನು ಎರೆಯಲ್ಲಿ ಪಾಯಕ್ಕೆ ಅಂಟಿಸಿ ತೋಡಿ, ಆಮೇಲೆ ಬೇರಿನ ಮೇಲೆ ಗೂಬೆ ಕೂರಿಸಿದವರು ಇದ್ದಾರೆ.

ಬೇಸಿಗೆಯಲ್ಲಿ ಮರಕ್ಕೆ ನೀರು ಕೊಡಿ. ವಿಚಿತ್ರ ಎನಿಸಬಹುದು. ಮರಕ್ಕೆ ಬೇರೆ ಕಡೆ ನೀರು ಸಿಕ್ಕರೆ ನಿಮ್ಮ ಪಾಯದಡಿಯ ತೇವಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಮನೆಯ ವಿರುದ್ಧ ದಿಕ್ಕಿನಲ್ಲಿ, ನೆರಳಿನ ಅಂಚಿನಲ್ಲಿ ಪಾತಿ ಮಾಡಿ, ವಾರಕ್ಕೊಮ್ಮೆ ಎಂಟು ಹತ್ತು ಕೊಡ ನಿಧಾನವಾಗಿ ಬಿಡಿ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲಕ್ಕೇ ಬರುತ್ತದೆ. ತರಕಾರಿ, ಅಕ್ಕಿ ತೊಳೆದ ನೀರೂ ಆಗುತ್ತದೆ. ಮೇಲೆ ಒಣಗಿದ ಎಲೆ ಮುಚ್ಚಿ.

ಹಂತ 6: ಬೇರಿಗೆ ತಡೆಗೋಡೆ

ಮರ ಮತ್ತು ಮನೆ ಎರಡೂ ಉಳಿಯಬೇಕು, ಬೇರು ಪೈಪಿಗೋ ನೆಲಹಾಸಿಗೋ ಬರುತ್ತಿದೆ ಎಂದಾಗ ಇದು: ಎರಡರ ನಡುವೆ ಕಾಲುವೆ ತೋಡಿ ನೆಟ್ಟಗೆ ನಿಲ್ಲಿಸುವ ದಪ್ಪ ಪ್ಲಾಸ್ಟಿಕ್ ಹಾಳೆ. ಮೊದಲೇ ತಿಳಿದಿರಲಿ, ಮೂರಡಿ ಆಳದ ತಡೆ ಕಾಂಪೌಂಡು, ಅಂಗಳ, ಪೈಪುಗಳನ್ನು ಕಾಯುತ್ತದೆ. ಎರೆಮಣ್ಣಿನಲ್ಲಿ ಒಣಗು-ಉಬ್ಬು ಐದಾರು ಅಡಿಯಿಂದ ಹತ್ತಡಿಗೂ ಮೀರಿ ಇಳಿಯುತ್ತದೆ. ಅಷ್ಟನ್ನೂ ತಡೆಯುವುದು ಹಾಳೆಯಿಂದ ಆಗದು.

ಕಾಲ: ಸಂಕ್ರಾಂತಿಯಿಂದ ಫೆಬ್ರುವರಿ ಕೊನೆಯವರೆಗೆ. ಮಣ್ಣಿನಲ್ಲಿ ಇನ್ನೂ ಹದವಿರುತ್ತದೆ, ಏಪ್ರಿಲ್‌ನ ಎರೆಗೆ ಹಾರೆ ಇಳಿಯುವುದಿಲ್ಲ, ಜುಲೈಯ ಎರೆಯಲ್ಲಿ ಕಾಲೇ ಹೂತುಹೋಗುತ್ತದೆ. ಬೇರು ಕಡಿದ ಮರ ಭರಣಿ ಮಳೆಯ ಗಾಳಿಗೆ ಸಿಗುವ ಮುಂಚೆ ಸ್ವಲ್ಪವಾದರೂ ಸುಧಾರಿಸಿಕೊಳ್ಳಲಿ ಎಂಬುದೂ ಲೆಕ್ಕ.

ಜಾಗ: ಮರಕ್ಕೆ ದೂರ, ಮನೆಗೆ ಹತ್ತಿರ, ಆದರೆ ತೀರಾ ಹತ್ತಿರವೂ ಅಲ್ಲ. ಕಾಲುವೆ ಎಷ್ಟು ಆಳವೋ ಗೋಡೆಯಿಂದ ಕನಿಷ್ಠ ಅಷ್ಟು ದೂರ ಬಿಡಿ. ಪಾಯದ ತಳಮಟ್ಟಕ್ಕಿಂತ ಕೆಳಗೆ ಅಗೆಯಬೇಡಿ. ಮರದ ಕಡೆಯಿಂದ ಕಾಂಡದ ಅಡ್ಡಳತೆಯ ಕನಿಷ್ಠ ಐದಾರು ಪಟ್ಟು ದೂರ. ಒಂದೂವರೆ ಅಡಿ ದಪ್ಪದ ಹೊಂಗೆಯಾದರೆ ಎಂಟು ಒಂಬತ್ತು ಅಡಿ.

ಕೆಲಸ: ಮುಕ್ಕಾಲು ಅಡಿ ಅಗಲ, ಮೂರಡಿ ಆಳದ ಕಾಲುವೆಯನ್ನು ಕೈಯಿಂದಲೇ ತೋಡಿಸಿ. ಹದಿನೈದು ಅಡಿ ಉದ್ದಕ್ಕೆ ಇಬ್ಬರು ಆಳಿಗೆ ಎರಡು ದಿನದ ಕೆಲಸ. ಜೆಸಿಬಿ ತರಿಸಬೇಡಿ. ಅದು ಬೇರನ್ನು ಕತ್ತರಿಸುವುದಿಲ್ಲ, ಹಿಡಿದೆಳೆಯುತ್ತದೆ. ಆ ಬೇರು ಪಾಯದ ಕಲ್ಲಿನ ಸಂದಿಯಲ್ಲಿದ್ದರೆ ಕಲ್ಲೂ ಬರುತ್ತದೆ. ಒಮ್ಮೆಗೇ ಪೂರ್ತಿ ಉದ್ದ ತೆರೆಯದೆ ಆರೇಳು ಅಡಿಯಷ್ಟು ತೋಡಿ, ಮುಗಿಸಿ, ಮುಂದಕ್ಕೆ ಹೋಗಿ. ಎರೆಯ ಕಾಲುವೆಯ ದಂಡೆ ಸದ್ದಿಲ್ಲದೆ ಕುಸಿಯುತ್ತದೆ. ಮಕ್ಕಳನ್ನು ದೂರವಿಡಿ, ರಾತ್ರಿ ತೆರೆದು ಬಿಡಬೇಡಿ.

ಅಡ್ಡ ಬಂದ ಬೇರನ್ನು ಗುದ್ದಲಿಯಲ್ಲಿ ಜಜ್ಜಬೇಡಿ, ಗರಗಸದಲ್ಲಿ ನೇರವಾಗಿ ಕೊಯ್ಯಿರಿ. ಎರಡು ಇಂಚಿಗಿಂತ ದಪ್ಪದ್ದು ಒಂದಕ್ಕಿಂತ ಹೆಚ್ಚು ಸಿಕ್ಕರೆ ನಿಲ್ಲಿಸಿ. ಅವು ಮರವನ್ನು ಹಿಡಿದು ನಿಲ್ಲಿಸಿರುವ ಗೂಟಗಳು. ತಡೆಯ ಗೆರೆಯನ್ನು ಮನೆಯ ಕಡೆಗೆ ಸರಿಸಲು ಆಗುತ್ತದೆಯೇ ನೋಡಿ.

ಹಾಳೆ: ಒಂದು ಮಿಲಿಮೀಟರ್ ಅಥವಾ ಹೆಚ್ಚು ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದು. ಕೃಷಿ ಹೊಂಡಕ್ಕೆ ಹಾಸುವ ಸಾಮಾನ್ಯ ಶೀಟು ಅದರ ಅರ್ಧ ದಪ್ಪ, ಸಾಲದು. ಚುನಾವಣೆ ಮುಗಿದ ಮೇಲೆ ಸಿಗುವ ಫ್ಲೆಕ್ಸು ಬಳಸಿದವರನ್ನೂ ಕಂಡಿದ್ದೇನೆ. ಎರಡು ವರ್ಷಕ್ಕೆ ಅಭ್ಯರ್ಥಿಯ ಮುಖ ತೂರಿಕೊಂಡು ಬೇರು ಈಚೆ ಬಂದಿತ್ತು. ಕಡಪ ಕಲ್ಲು ನಿಲ್ಲಿಸಿದರೆ ಸಂದಿಯಲ್ಲಿ ನುಸುಳುತ್ತದೆ. ಹಾಳೆಯ ಜೋಡಣೆ ಒಂದಡಿ ಒಂದರ ಮೇಲೊಂದು ಬರಲಿ, ಮೇಲಂಚು ಮಣ್ಣಿನಿಂದ ಎರಡು ಇಂಚು ಹೊರಗಿರಲಿ. ಹೂತುಹೋದರೆ ಬೇರು ಅದನ್ನು ಹತ್ತಿ ದಾಟುತ್ತದೆ. ಆರಾರು ಇಂಚು ಮಣ್ಣು ಹಾಕಿ ದಮ್ಮಸ್ಸು ಹೊಡೆಯುತ್ತಾ ತುಂಬಿ. ಸಡಿಲ ಬಿಟ್ಟರೆ ಮೊದಲ ಮಳೆಗೆ ಅದೇ ಕಾಲುವೆಯಾಗಿ ನೀರನ್ನು ಪಾಯಕ್ಕೆ ಒಯ್ಯುತ್ತದೆ.

ಹಂತ 7: ಸವರುವುದು, ಅದೂ ಸಾಲದಿದ್ದರೆ ಕಡಿಯುವುದು

ಎಲೆ ಕಡಿಮೆಯಾದರೆ ಮರ ಕುಡಿಯುವ ನೀರೂ ಕಡಿಮೆಯಾಗುತ್ತದೆ. ವರ್ಷಕ್ಕೆ ಕಾಲು ಭಾಗದಷ್ಟು ಕೊಂಬೆ ತೆಗೆಸಿ, ಎರಡು ಮೂರು ವರ್ಷ ಮುಂದುವರಿಸಿ. ತಲೆ ಬೋಳಿಸಿದರೆ ಮರ ಎರಡರಷ್ಟು ಚಿಗುರು ಬಿಟ್ಟು ಸೇಡು ತೀರಿಸಿಕೊಳ್ಳುತ್ತದೆ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಯಿದ್ದರೆ ಬೆಸ್ಕಾಂಗೆ ತಿಳಿಸಿ ಲೈನು ಆಫ್ ಮಾಡಿಸದೆ ಯಾರನ್ನೂ ಮರ ಹತ್ತಿಸಬೇಡಿ.

ಕಡಿಯುವುದೇ ಎಂದಾದರೆ ಎರೆಮಣ್ಣಿನವರು ಇಲ್ಲಿ ನಿಂತು ಯೋಚಿಸಿ. ಮರ ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಮಣ್ಣು, ಮರ ಹೋದ ಮೇಲೆ ನೀರು ಕುಡಿದು ಉಬ್ಬುತ್ತದೆ. ಒಂದೇ ಮಳೆಗಾಲದಲ್ಲಿ ಮುಗಿಯುವುದಿಲ್ಲ, ಹಲವು ವರ್ಷ ಹಿಡಿಯಬಹುದು. ಮರ ಮೊದಲು, ಮನೆ ಆಮೇಲೆ ಆಗಿದ್ದರೆ ನಿಮ್ಮ ಪಾಯ ನಿಂತಿರುವುದೇ ಆ ಒಣಗಿದ ಮಣ್ಣಿನ ಮೇಲೆ. ಮರ ತೆಗೆದರೆ ನೆಲ ಮೇಲೇಳುತ್ತದೆ, ಇಳಿದ ಬಿರುಕಿಗಿಂತ ಎದ್ದ ಬಿರುಕು ಕೆಟ್ಟದ್ದು. ಮನೆ ಮೊದಲು, ಮರ ಆಮೇಲೆ ಎಂದಿದ್ದರೆ ಈ ಅಪಾಯ ಕಡಿಮೆ. ಮೊದಲನೆಯ ಪ್ರಕಾರದಲ್ಲಿ ವರ್ಷವರ್ಷ ಸವರುತ್ತಾ ಬರುವುದೇ ಜಾಣತನ, ಕಡಿಯುವ ಮುನ್ನ ಎಂಜಿನಿಯರರ ಮಾತು ಕೇಳಲೇಬೇಕು.

ನಿಮ್ಮದೇ ಅಂಗಳದ ಮರವಾದರೂ ಕಡಿಯಲು ಅನುಮತಿ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಥರದ ಕೆಲವು ಜಾತಿಗೆ ವಿನಾಯಿತಿಯಿದೆ. ಬಿರುಕಿನ ಫೋಟೋ, ನೀವು ತಿಂಗಳುಗಟ್ಟಲೆ ಬರೆದ ಅಳತೆ, ಎಂಜಿನಿಯರರ ಪತ್ರ ಅರ್ಜಿಯ ಜೊತೆಗಿದ್ದರೆ ಸ್ಥಳ ನೋಡಲು ಬಂದವರಿಗೂ ವಿಷಯ ಬೇಗ ಅರ್ಥವಾಗುತ್ತದೆ. ರಸ್ತೆ ಬದಿಯ ಮರಕ್ಕೆ ನೀವು ಕೊಡಲಿ ಹಾಕುವ ಹಾಗೇ ಇಲ್ಲ, ಪಾಲಿಕೆ ಅಥವಾ ನಗರಸಭೆಗೆ ಬರೆದುಕೊಡಿ. ಪಕ್ಕದ ಮನೆಯವರ ಮರವಾದರೆ ಅಳತೆಯ ಪುಸ್ತಕ ಹಿಡಿದುಕೊಂಡು ಹೋಗಿ ಮಾತಾಡಿ, ನೋಟಿಸು ಆಮೇಲೆ ಇದ್ದೇ ಇದೆ.

ಸದ್ದಿಲ್ಲದೆ ಮರ ಸಾಯಿಸುವ ಉಪಾಯಗಳೂ ಕಿವಿಗೆ ಬೀಳುತ್ತಿರುತ್ತವೆ: ಕಾಂಡಕ್ಕೆ ತೂತು ಕೊರೆದು ಇಂಗು ತುಂಬುವುದು, ಬುಡಕ್ಕೆ ಆ್ಯಸಿಡ್, ಮೂಟೆಗಟ್ಟಲೆ ಉಪ್ಪು. ಕಾನೂನಿನ ಮಾತು ಬಿಡಿ, ಉಪ್ಪು ನಿಮ್ಮ ಪಾಯದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ. ನಿಂತೇ ಸತ್ತ ಮರ ಯಾವ ಗಾಳಿಗೆ ಯಾರ ಮೇಲೆ ಬೀಳುತ್ತದೋ ಹೇಳಲಾಗದು.

ಕಡಿದ ಮೇಲೆ ಪಾಯದ ಹತ್ತಿರದ ಬೇರನ್ನು ಕಿತ್ತು ತೆಗೆಯುವ ಹಟ ಬೇಡ, ಮಣ್ಣು ಸಡಿಲವಾಗುತ್ತದೆ. ಆದರೆ ಸತ್ತ ಬೇರಿಗೆ ಗೆದ್ದಲು ಬರುತ್ತದೆ. ಎರಡು ಮೂರು ವರ್ಷ ಗೋಡೆ ಬುಡದಲ್ಲಿ ಮಣ್ಣಿನ ಗೆರೆ ಏರುತ್ತಿದೆಯೇ ಎಂದು ಕಣ್ಣಿಟ್ಟಿರಿ.

ಗೋಡೆಯಲ್ಲೇ ಹುಟ್ಟಿದ ಅರಳಿ

ಬೇರು ಪಾಯವನ್ನು ನೇರವಾಗಿ ಸೀಳುವುದು ಅಪರೂಪ ಎಂದೆನಲ್ಲ, ಇದು ಅದಕ್ಕೆ ಅಪವಾದ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಪ್ಯಾರಾಪೆಟ್ಟಿನ ಬಿರುಕಲ್ಲೋ, ಮಣ್ಣು ಗಾರೆಯ ಹಳೆ ಸೈಜುಗಲ್ಲಿನ ಪಾಯದ ಸಂದಿಯಲ್ಲೋ ಮೊಳೆಯುತ್ತದೆ. ಸಂದಿಯೊಳಗೆ ಸೇರಿದ ಬೇರು ಅಲ್ಲೇ ದಪ್ಪವಾಗಿ ಬೆಣೆಯ ಹಾಗೆ ಕಲ್ಲನ್ನು ತಳ್ಳುತ್ತದೆ. ದುರ್ಗದ ಕೋಟೆಗೆ ಹೋದಾಗ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದಿಯನ್ನೊಮ್ಮೆ ನೋಡಿ, ಅಂಥ ಜಾಗವೇ ಈ ಸಸಿಗೆ ಇಷ್ಟ.

ಎರಡೆಲೆ ಇದ್ದಾಗಲೇ ಕೀಳಿ. ಬೆರಳು ಗಾತ್ರವಾದ ಮೇಲೆ ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಸಂದಿಯನ್ನು ಉಳಿಯಿಂದ ಬಿಡಿಸಿ, ಬೇರನ್ನು ತುದಿಯವರೆಗೆ ತೆಗೆದು, ಒಂದಕ್ಕೆ ಮೂರರ ಸಿಮೆಂಟು ಗಾರೆ ಒತ್ತಿ ತುಂಬಿ. ಮಣಿಕಟ್ಟಿನಷ್ಟು ದಪ್ಪವಾಗಿದ್ದರೆ ಎಳೆಯಬೇಡಿ, ಆ ಹೊತ್ತಿಗೆ ಕಲ್ಲುಗಳು ಅದರ ಮೇಲೆಯೇ ಕೂತಿರುತ್ತವೆ. ಕಲ್ಲಿನ ಕೆಲಸ ಬಲ್ಲ ಮೇಸ್ತ್ರಿಯಿಂದ ಸ್ವಲ್ಪ ಸ್ವಲ್ಪವೇ ಬಿಚ್ಚಿ ಕಟ್ಟಿಸಿ. ಅರಳಿ ಕೀಳಬಾರದು ಎಂಬ ಅಳುಕು ಮನೆಯಲ್ಲಿ ಹಿರಿಯರಿಗಿದ್ದರೆ ಸಣ್ಣದಿದ್ದಾಗಲೇ ಬೇರು ಸಮೇತ ತೆಗೆದು ಊರಾಚೆ ಕಟ್ಟೆ ಕಟ್ಟುವಷ್ಟು ಜಾಗವಿರುವ ಕಡೆ ನೆಡಿ.

ಇನ್ನೂ ಮನೆ ಕಟ್ಟಿಲ್ಲ ಎನ್ನುವವರಿಗೆ

ನಿಮ್ಮದು ಎಲ್ಲಕ್ಕಿಂತ ಸುಲಭ. ಎರೆಯಲ್ಲಿ ಗಟ್ಟಿ ಮೊರಮು ಸಿಗುವವರೆಗೆ ಪಾಯ ಇಳಿಸಿ, ಪ್ಲಿಂತ್ ಬೀಮು (ಪಾಯದ ಮೇಲೆ, ಗೋಡೆಗಳ ಅಡಿಯಲ್ಲಿ ಸುತ್ತಲೂ ಬರುವ ಕಾಂಕ್ರೀಟ್ ತೊಲೆ) ಕಟ್ಟಿ, ಒಳಗೆ ನೆಲದಡಿಯ ಎರೆಯನ್ನು ಎರಡು ಮೂರಡಿ ತೆಗೆದು ಗ್ರಾವೆಲ್ ತುಂಬಿ. ಗಟ್ಟಿ ಮಟ್ಟ ಬಹಳ ಕೆಳಗಿದ್ದರೆ ಅಂಡರ್‌ರೀಮ್ಡ್ ಪೈಲ್ ಕೇಳಿ: ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳದ ಕಾಂಕ್ರೀಟ್ ಕಂಬ, ತಳದಲ್ಲಿ ಈರುಳ್ಳಿ ಗಡ್ಡೆಯ ಹಾಗೆ ಕಂಬದ ಎರಡೂವರೆ ಪಟ್ಟು ಅಗಲದ ಉಬ್ಬು. ಮೇಲಿನ ಮಣ್ಣು ಏರಿ ಇಳಿದರೂ ಗಡ್ಡೆ ಅಲುಗದ ಮಣ್ಣಿನಲ್ಲಿ ಕೂತಿರುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ ಇದು. ಸೈಟಿನಲ್ಲಿದ್ದ ದೊಡ್ಡ ಮರವನ್ನು ಕಡಿಸಿ ಮರುವಾರವೇ ಪಾಯ ತೆಗೆಸಬೇಡಿ, ಕನಿಷ್ಠ ಒಂದೆರಡು ಮಳೆಗಾಲ ಬಿಟ್ಟು ಮಣ್ಣು ಉಬ್ಬಿ ನಿಲ್ಲಲಿ. ಕಾಯಲಾಗದಿದ್ದರೆ ಪೈಲೇ ಗತಿ.

30/40ರ ಸೈಟಿನಲ್ಲಿ ಮನೆ ಎದ್ದ ಮೇಲೆ ಉಳಿಯುವುದು ಮೂರು ನಾಲ್ಕು ಅಡಿ. ಅಲ್ಲಿ ಹೊಂಗೆ ನೆಡುವುದು ಮರಕ್ಕೂ ಶಿಕ್ಷೆ. ದಾಸವಾಳ, ಕರಿಬೇವು, ಪಾರಿಜಾತ, ನಿಂಬೆ, ದಾಳಿಂಬೆಗೆ ಐದಾರು ಅಡಿ ಸಾಕು. ಸೀಬೆ, ನುಗ್ಗೆಗೆ ಹನ್ನೆರಡು ಹದಿನೈದು ಅಡಿ ಬೇಕು, ನುಗ್ಗೆಯನ್ನು ಸಂಪಿನಿಂದಲೂ ಅಷ್ಟೇ ದೂರವಿಡಿ. ಹೊಂಗೆ, ಬೇವು ನೆಡುವ ಆಸೆಯಿದ್ದರೆ ಬಡಾವಣೆಯ ಪಾರ್ಕಿನಲ್ಲಿ ನೆಟ್ಟು ನೀರು ಹಾಕಿ.

ಬಿರುಕು ಮುಚ್ಚುವುದು ಯಾವಾಗ

ಪೈಪು ಸರಿಯಾಗಿ, ಏಪ್ರನ್ ಬಿದ್ದು, ಸವರುವುದೋ ತಡೆಯೋ ಮುಗಿದ ಮೇಲೆ ಹೊಸ ಗಾಜಿನ ಪಟ್ಟಿ ಅಂಟಿಸಿ. ಒಂದು ಮೇ ತಿಂಗಳು, ಒಂದು ನವೆಂಬರ್ ದಾಟಿಯೂ ಗಾಜು ಒಡೆಯದೆ ನಿಂತಿದ್ದರೆ ಗಿಲಾವನ್ನು ಬಿರುಕಿನ ಎರಡೂ ಬದಿಗೆ ನಾಲ್ಕು ನಾಲ್ಕು ಇಂಚು ಕೆತ್ತಿ, ಒಳಗಿನ ಧೂಳು ತೊಳೆದು, ಸಂದಿಗೆ ಕುಗ್ಗದ ಗ್ರೌಟು (ತೆಳ್ಳಗೆ ಹರಿದು ತುಂಬಿಕೊಳ್ಳುವ ಗಾರೆ) ಇಳಿಸಿ, ಮೇಲೆ ಕೋಳಿಜಾಲರಿ ಹೊಡೆದು ಗಿಲಾವು ಮಾಡಿಸಿ. ಒಂದು ವಾರ ನೀರು ಉಣಿಸಿ. ಬಣ್ಣ ಬಳಿಯುವ ಮುಂಚೆ ನೋಟ್‌ಬುಕ್ಕಿನ ಚುಕ್ಕೆಗಳ ಜಾಗವನ್ನು ಮತ್ತೆ ಗುರುತು ಹಾಕಿಕೊಳ್ಳುವುದನ್ನು ಮರೆಯಬೇಡಿ, ಮುಂದಿನ ಶಿವರಾತ್ರಿಗೆ ಅದೇ ಜಾಗದಲ್ಲೇ ಅಳೆಯಬೇಕು.